ಸುಚಾವದಲ್ಲಿ ಒಂದು ದಿನ: ಮೊದಲು ಹಳ್ಳಿ, ಆಮೇಲೆ ಕೋಟೆ

ರೊಮೇನಿಯಾಕ್ಕೆ ಹೋದವರು ಸಾಮಾನ್ಯವಾಗಿ ಟ್ರಾನ್ಸಿಲ್ವೇನಿಯಾ ಸುತ್ತಿ ವಾಪಸ್ ಬರುತ್ತಾರೆ. ಈಶಾನ್ಯ ಮೂಲೆಯ ಬುಕೊವಿನಾ ತನಕ ಬಂದವರೂ ಗೋಡೆ ತುಂಬ ಚಿತ್ರ ಬರೆದ ಮಠಗಳ ಕಡೆ ಓಡುತ್ತಾರೆ. ಸುಚಾವ ಅವರಿಗೆ ಬ್ಯಾಗ್ ಇಟ್ಟು ಮಲಗುವ ಊರು, ಅಷ್ಟೇ. ಆ ಊರಿಗೂ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಊರಿನ ಪೂರ್ವಕ್ಕೆ ಒಂದು ಎತ್ತರದ ದಿಣ್ಣೆ ಇದೆ. ಅದರ ಅಂಚಿನಲ್ಲಿ, ಹಿಂದೆ ಈ ಸೀಮೆಯಲ್ಲಿದ್ದ ಮೊಲ್ಡಾವಿಯಾ ಎಂಬ ರಾಜ್ಯದ ರಾಜರ ಕೋಟೆ, ಅದರ ಪಕ್ಕದಲ್ಲೇ ಬಯಲಿನಲ್ಲಿ ಹರಡಿಕೊಂಡ ಬುಕೊವಿನಾ ಹಳ್ಳಿ ಮ್ಯೂಸಿಯಂ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಹೊರಡುವ ಮೊದಲೇ ಒಂದು ವಿಷಯ ತಿಳಿದಿರಲಿ. ಇವೆರಡೂ ಒಂದೇ ಕಾಲದವಲ್ಲ. ಕೋಟೆಯನ್ನು 1675ರಲ್ಲೇ ಮದ್ದಿಟ್ಟು ಉರುಳಿಸಿದರು. ಪಕ್ಕದ ಮರದ ಮನೆಗಳು ಅದಕ್ಕಿಂತ ಎಷ್ಟೋ ಈಚಿನವು. ಕೋಟೆ ಕಾಯುತ್ತಿದ್ದ ಸೈನಿಕ ಸಂಜೆ ಈ ಮನೆಗೆ ಬಂದು ಊಟ ಮಾಡುತ್ತಿದ್ದ ಅಂತೆಲ್ಲ ಕಲ್ಪನೆ ಮಾಡಿಕೊಂಡರೆ ಎರಡೂ ತಪ್ಪಾಗಿ ಕಾಣುತ್ತವೆ. ಹಾಗಾದರೆ ಒಟ್ಟಿಗೆ ಯಾಕೆ ನೋಡಬೇಕು? ಎರಡೂ ಕಡೆಯವರು ಎದುರಿಸಿದ ಚಳಿ ಒಂದೇ, ಎರಡೂ ಕಡೆ ಮರ, ಮಣ್ಣು, ಕಲ್ಲು ಬಂದಿದ್ದು ಇದೇ ಸೀಮೆಯಿಂದ. ಅದನ್ನು ನೋಡಲು ಸ್ವಲ್ಪ ಪುರುಸೊತ್ತು ಬೇಕು.

ದಿನ ಆರಿಸಿಕೊಳ್ಳುವುದು

ಸೋಮವಾರ ಹೋಗಬೇಡಿ. ರೊಮೇನಿಯಾದಲ್ಲಿ ಹೆಚ್ಚಿನ ಮ್ಯೂಸಿಯಂಗಳಿಗೆ ಅವತ್ತು ರಜೆ. ನಾನು ಇದನ್ನು ಬೀಗ ಹಾಕಿದ ಬಾಗಿಲ ಮುಂದೆ ನಿಂತು ಕಲಿತೆ. ತಪ್ಪು ನನ್ನದೇ, ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮೇ, ಜೂನ್, ಸೆಪ್ಟೆಂಬರ್ ತಿಂಗಳು ಚೆನ್ನ. ಚಳಿಗಾಲದಲ್ಲಿ ಹಿಮದ ನಡುವೆ ಹಳ್ಳಿ ಚಂದ ಕಾಣುತ್ತದೆ ನಿಜ. ಆದರೆ ದಿನ ಚಿಕ್ಕದು, ಚಳಿ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಆ ಕಾಲದಲ್ಲಿ ಹೋಗುವುದಾದರೆ ಮನೆಗಳ ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ. ಆಗಸ್ಟಿನಲ್ಲಿ ಕೋಟೆಯಲ್ಲಿ ಮಧ್ಯಯುಗದ ಹಬ್ಬ ನಡೆಯುತ್ತದೆ. ಕವಚ ತೊಟ್ಟವರು, ಕತ್ತಿವರಸೆ, ಡೋಲು, ಎಲ್ಲ ಇರುತ್ತದೆ. ಮಕ್ಕಳಿದ್ದರೆ ಆ ಸಮಯಕ್ಕೇ ಹೋಗಿ. ಗೋಡೆಗಳನ್ನು ಸಮಾಧಾನವಾಗಿ ನೋಡಬೇಕೆಂದರೆ ಆ ದಿನಗಳನ್ನು ತಪ್ಪಿಸಿ.

ತಲುಪುವುದು

2025ರ ಜನವರಿ 1ರಿಂದ ರೊಮೇನಿಯಾ ಪೂರ್ತಿಯಾಗಿ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನೊಳಗೆ. ಹಾಗಾಗಿ ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೇ ಗಳಿಗೆಗೆ ಬಿಡಬೇಡಿ.

ರಾಜಧಾನಿ ಬುಕಾರೆಸ್ಟ್‌ನ ಗಾರಾ ದೆ ನೋರ್ಡ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಏಳು ಗಂಟೆ. ಸುಚಾವಕ್ಕೆ ವಿಮಾನ ನಿಲ್ದಾಣವೂ ಇದೆ, ಹಿಂದೆ ಮೊಲ್ಡಾವಿಯಾ ಆಳಿದ ಸ್ಟೆಫಾನ್ ಮಹಾರಾಜನ ಹೆಸರಿನದು. ಈ ಹೆಸರು ಇವತ್ತು ನಿಮ್ಮ ಬೆನ್ನು ಬಿಡುವುದಿಲ್ಲ, ನೆನಪಿಟ್ಟುಕೊಳ್ಳಿ. ರೈಲಿನವರಿಗೆ ಒಂದು ಎಚ್ಚರಿಕೆ: ಇಲ್ಲಿ ನಿಲ್ದಾಣ ಎರಡು. ದೊಡ್ಡದು ಬುರ್ದುಜೆನಿ ಬಡಾವಣೆಯಲ್ಲಿದೆ, ಇನ್ನೊಂದು ಇಟ್ಸ್‌ಕಾನಿಯಲ್ಲಿ. ಟಿಕೆಟಿನಲ್ಲಿ ಯಾವುದಿದೆ ನೋಡಿಕೊಳ್ಳಿ. ಎರಡೂ ಊರಿನ ನಡುವಿನಿಂದ ಕೆಲವು ಕಿಲೋಮೀಟರ್ ದೂರ. ಲಗೇಜ್ ಇದ್ದರೆ ಸುಮ್ನೆ ಟ್ಯಾಕ್ಸಿ ಹಿಡಿಯಿರಿ.

ಯೂರೋ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಷೆಂಗೆನ್‌ಗೆ ಸೇರಿದರೂ ಇಲ್ಲಿ ನಡೆಯುವುದು ರೊಮೇನಿಯಾದ್ದೇ ದುಡ್ಡು, ಲೇ. ಒಂದಿದ್ದರೆ ಲೆಯು ಅನ್ನುತ್ತಾರೆ. ಒಂದು ಲೆಯುಗೆ ನೂರು ಬಾನಿ. ಕಾರ್ಡು ಬಹಳ ಕಡೆ ನಡೆಯುತ್ತದೆ, ಆದರೆ ಬಯಲಲ್ಲಿ ಕೂತು ಬಣ್ಣದ ಮೊಟ್ಟೆ ಮಾರುವ ಅಜ್ಜಿಗೆ ಚಿಲ್ಲರೆ ನೋಟು ಕೊಡಬೇಕು. ಎರಡು ಮಾತು ಕಲಿತಿರಿ. ನಮಸ್ಕಾರಕ್ಕೆ "ಬುನಾ ಜಿವಾ", ಥ್ಯಾಂಕ್ಸ್‌ಗೆ "ಮುಲ್ಟ್ಸುಮೆಸ್ಕ್". ಎರಡನೆಯದು ನಾಲಿಗೆ ಹೊರಳಲ್ಲ, ಪರವಾಗಿಲ್ಲ. ಪ್ರಯತ್ನ ಪಟ್ಟದ್ದಕ್ಕೇ ಮುಖ ಅರಳುತ್ತದೆ. ದಾರಿ ಕೇಳುವಾಗ ಕೋಟೆಗೆ "ಚೆಟಾಟೆ", ಹಳ್ಳಿಗೆ "ಸಾತ್" ಅನ್ನಿ, ತೋರಿಸುತ್ತಾರೆ.

ದಿಣ್ಣೆ ಹತ್ತುವುದು

ಬೆಳಿಗ್ಗೆ ಊರ ನಡುವಿನಿಂದ ಪೂರ್ವಕ್ಕೆ ನಡೆದೇ ಹೋಗಬಹುದು. ಒಂದು ಕಣಿವೆಗೆ ಇಳಿದು, ಮರಗಳ ನಡುವೆ ಹತ್ತಬೇಕು. ಮೊಣಕಾಲು ನೋವಿದ್ದವರು ಟ್ಯಾಕ್ಸಿಯಲ್ಲಿ ಹೋಗಿ, ನಾಚಿಕೆ ಪಡಬೇಡಿ. ಇಡೀ ದಿನ ನಿಂತೇ ಇರಬೇಕಾಗುತ್ತದೆ. ಹತ್ತಿರದಲ್ಲೇ ಕುದುರೆ ಮೇಲೆ ಕೂತ ಸ್ಟೆಫಾನ್‌ನ ದೊಡ್ಡ ಕಂಚಿನ ಪ್ರತಿಮೆ ಇದೆ, 1977ರಲ್ಲಿ ನಿಲ್ಲಿಸಿದ್ದು. ಫೋಟೋ ತೆಗೆದು ಮುಂದೆ ಹೋಗಿ.

ಕಾಲಿಗೆ ಗಟ್ಟಿ ಶೂ ಇರಲಿ. ಹಳ್ಳಿಯಲ್ಲಿ ಹುಲ್ಲು, ಮಳೆ ಬಂದರೆ ಕೆಸರು. ಕೋಟೆಯಲ್ಲಿ ಒರಟು ಕಲ್ಲು. ಕುಡಿಯುವ ನೀರು, ಬಾಯಾಡಿಸಲು ಏನಾದರೂ ಊರಲ್ಲೇ ಕೊಂಡುಕೊಂಡಿರಿ.

ಎರಡಕ್ಕೂ ಬೇರೆ ಬೇರೆ ಟಿಕೆಟ್. ವಿದ್ಯಾರ್ಥಿಗಳು, ಹಿರಿಯರು ರಿಯಾಯಿತಿ ಇದೆಯಾ ಕೇಳಿ. ಒಳಗೆ ಫೋಟೋ ತೆಗೆಯಲು ಬೇರೆ ದುಡ್ಡು ಕೊಡಬೇಕಾ ಅನ್ನುವುದನ್ನೂ ಅಲ್ಲೇ ಕೇಳಿಬಿಡಿ.

ಹಳ್ಳಿಗೆ ಎರಡು ಗಂಟೆಯಾದರೂ ಬೇಕು

ಬಹಳ ಜನ ಮೊದಲು ಕೋಟೆಗೆ ಹೋಗುತ್ತಾರೆ. ಅದು ದೊಡ್ಡದು, ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಹತ್ತಿ ಇಳಿದು ಸುಸ್ತಾದ ಮೇಲೆ ಹಳ್ಳಿಗೆ ಬಂದು, ನಾಲ್ಕು ಮನೆಗೆ ಇಣುಕಿ "ಎಲ್ಲ ಒಂದೇ ಥರ ಇದೆ" ಅಂತ ಹೊರಡುತ್ತಾರೆ. ಉಲ್ಟಾ ಮಾಡಿ. ಕಣ್ಣು, ಕಾಲು ತಾಜಾ ಇರುವಾಗ ಹಳ್ಳಿ ನೋಡಿ.

ಹೀಗೊಂದು ಊರು ಎಂದೂ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ಸುಚಾವ ಜಿಲ್ಲೆಯ ಬೇರೆ ಬೇರೆ ಕಣಿವೆಗಳಿಂದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮರಳಿ ಜೋಡಿಸಿದ್ದಾರೆ. ಬಿಚ್ಚುವಾಗ ಪ್ರತಿ ತೊಲೆಗೂ ಗುರುತು ಹಾಕುತ್ತಾರೆ, ಇಲ್ಲದಿದ್ದರೆ ಮರಳಿ ಕೂರುವುದಿಲ್ಲ. ಈ ಉಪಾಯ ಶುರುವಾದದ್ದು ಸ್ವೀಡನ್ನಿನಲ್ಲಿ. 1891ರಲ್ಲಿ ಆರ್ಟುರ್ ಹಾಸೆಲಿಯಸ್ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ತೆರೆದ. ಯುರೋಪಿನ ಹಲವು ಭಾಷೆಗಳಲ್ಲಿ ಇವತ್ತಿಗೂ ಇಂಥ ಬಯಲು ಮ್ಯೂಸಿಯಂಗೆ ಸ್ಕಾನ್ಸೆನ್ ಅಂತಲೇ ಹೆಸರು. ತಮಾಷೆ ಏನೆಂದರೆ ಆ ಪದದ ಅರ್ಥ ಸಣ್ಣ ಕೋಟೆ! ರೊಮೇನಿಯಾದಲ್ಲಿ ಕ್ಲುಜ್ ಊರಿನವರು 1929ರಲ್ಲಿ, ಬುಕಾರೆಸ್ಟಿನವರು 1936ರಲ್ಲಿ ಶುರು ಮಾಡಿದರು. ಸುಚಾವದ್ದು ಅವುಗಳ ಮುಂದೆ ಚಿಕ್ಕದು, ಹೊಸದು. ನನಗೆ ಅದೇ ಇಷ್ಟ. ಬುಕಾರೆಸ್ಟಿನಲ್ಲಿ ಅರ್ಧ ದಾರಿಗೇ ತಲೆ ತುಂಬಿಹೋಗುತ್ತದೆ.

ಮೊದಲು ಹೊರಗಿನಿಂದ ನೋಡಿ. ಮನೆಯ ಮೂಲೆಗೆ ಹೋಗಿ ನಿಂತು, ಎರಡು ತೊಲೆಗಳು ಸೇರುವ ಜಾಗಕ್ಕೆ ಕಣ್ಣು ಹಾಯಿಸಿ. ಒಂದರ ತುದಿ ಕೊರೆದು ಇನ್ನೊಂದನ್ನು ಅದರಲ್ಲಿ ಕೂರಿಸಿರುತ್ತಾರೆ. ಮೇಲಿನ ಭಾರವೇ ಕೆಳಗಿನದನ್ನು ಬಿಗಿ ಹಿಡಿಯುತ್ತದೆ. ಡೋರ್ನಾ ಕಡೆಯ ಗುಡ್ಡದ ಮನೆಗಳಲ್ಲಿ ಈ ತೊಲೆಗಳು ಹಾಗೇ ಕಾಣುತ್ತವೆ. ಗುಡ್ಡ ಇಳಿದು ಬಯಲ ಸೀಮೆಗೆ ಬಂದಂತೆ ಮರದ ಮೇಲೆ ಮಣ್ಣು ಮೆತ್ತಿ ಸುಣ್ಣ ಬಳಿದಿರುತ್ತಾರೆ. ಮನೆಯ ಮುಂದೆ ಪ್ರಿಸ್ಪಾ ಇರುತ್ತದೆ. ನಮ್ಮ ಜಗಲಿಯೇ ಅನ್ನಿ. ಚಾವಣಿ ಕಡಿದಾಗಿರುವುದು ಹಿಮ ಜಾರಲಿ ಅಂತ.

ಈಗ ಒಳಗೆ. ತಲೆ ಬಗ್ಗಿಸಿ! ಬಾಗಿಲು ಗಿಡ್ಡ. ನನ್ನ ಹಣೆ ಎರಡು ಸಲ ಬಡಿಯಿತು, ಎರಡನೇ ಸಲಕ್ಕೆ ಕಾವಲಿನ ಅಮ್ಮ ನಗು ತಡೆಯಲಿಲ್ಲ. ಚಳಿ ಒಳಗೆ ನುಗ್ಗಬಾರದು, ಒಳಗಿನ ಬಿಸಿ ಹೊರಗೆ ಹೋಗಬಾರದು, ಅದಕ್ಕೇ ಬಾಗಿಲೂ ಚಿಕ್ಕದು, ಕಿಟಕಿಯೂ ಚಿಕ್ಕದು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಒಂದು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಬಿಳಿ ಒಲೆ ಕಾಣುತ್ತದೆ, ಆಮೇಲೆ ಮಂಚದ ಮೇಲಿನ ಕಂಬಳಿಯ ಕೆಂಪು, ಕೊನೆಗೆ ಗೋಡೆಯ ಮೇಲಿನ ದೇವರ ಪಟ.

ಹಳೆಯ ಮನೆಯ ಲೆಕ್ಕ ಸರಳ. ನಡುವೆ ಒಂದು ನಡು ಕೋಣೆ, ಅದಕ್ಕೆ ಟಿಂಡಾ ಅನ್ನುತ್ತಾರೆ. ಒಂದು ಪಕ್ಕ ಬದುಕುವ ಕೋಣೆ. ಅಡುಗೆ, ನಿದ್ದೆ, ನೂಲುವುದು, ಹೆರಿಗೆ, ಎಲ್ಲ ಅಲ್ಲೇ. ಇನ್ನೊಂದು ಪಕ್ಕ "ಕಾಸಾ ಮಾರೆ", ಅಂದರೆ ದೊಡ್ಡ ಮನೆ. ಒಳ್ಳೇ ಕಂಬಳಿ, ಕಸೂತಿ ಬಟ್ಟೆ, ಮಗಳ ಮದುವೆಗೆ ಕೂಡಿಟ್ಟ ಪೆಟ್ಟಿಗೆ, ಎಲ್ಲ ಅಲ್ಲಿ ಒಟ್ಟಿರುತ್ತದೆ. ನೆಂಟರಿಗೆ, ಹಬ್ಬಕ್ಕೆ ಮಾತ್ರ ಆ ಕೋಣೆ. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಮಲಗಿ, ಇನ್ನೊಂದನ್ನು ಚಂದ ಮಾಡಿ ಖಾಲಿ ಇಡುವುದು! ಷೋಕೇಸಿನಲ್ಲಿ ಒಳ್ಳೇ ಕಪ್ಪು ಸಾಸರು ಇಟ್ಟು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ, ಅಲ್ವಾ?

ಒಲೆಯ ಹತ್ತಿರ ಜಾಸ್ತಿ ಹೊತ್ತು ಇರಿ. ಅದು ಬರೀ ಅಡುಗೆಗಲ್ಲ. ಮಣ್ಣಿನ ದೊಡ್ಡ ದಿಮ್ಮಿ, ಹಗಲು ಉರಿಸಿದ ಬಿಸಿಯನ್ನು ರಾತ್ರಿಯಿಡೀ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲ್ಭಾಗ ಚಪ್ಪಟೆ, ಮಕ್ಕಳು ಮುದುಕರು ಮಲಗುತ್ತಿದ್ದುದು ಅಲ್ಲೇ. ಈ ಒಲೆಯನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಕೋಟೆಯಲ್ಲಿ ಬೇಕಾಗುತ್ತದೆ.

ಬಿಡಬಾರದ ಇನ್ನೆರಡು ಕಡೆ ಹೇಳುತ್ತೇನೆ. ಒಂದು, ವಾಮಾ ಊರಿನಿಂದ ತಂದ ಮರದ ಚರ್ಚು. 1783ರದು. ಆಸ್ಟ್ರಿಯಾದವರು ಬುಕೊವಿನಾವನ್ನು ತಮ್ಮದಾಗಿಸಿಕೊಂಡು ಆಗ ಎಂಟು ವರ್ಷ ಆಗಿತ್ತಷ್ಟೇ. ಒಳಗೆ ಹೋಗುವಾಗ ಗಂಡಸರು ಟೋಪಿ ತೆಗೆಯಬೇಕು. ಮಾತು ಮೆಲ್ಲಗೆ ಆಡಿ. ಇನ್ನೊಂದು, ಮಾರ್ಜಿನಿಯಾ ಊರಿನ ಕಪ್ಪು ಮಡಕೆ. ಯಾವ ಬಣ್ಣವನ್ನೂ ಬಳಿಯುವುದಿಲ್ಲ. ತಿಗರಿಯಿಂದ ಇಳಿಸಿ ಸ್ವಲ್ಪ ಆರಿದ ಮಡಕೆಯನ್ನು ನುಣುಪು ಬೆಣಚುಕಲ್ಲಿನಿಂದ ಉಜ್ಜುತ್ತಾರೆ. ಸುಡುವಾಗ ಕೊನೆಯಲ್ಲಿ ಆವಿಗೆಯ ಬಾಯಿಯನ್ನೆಲ್ಲ ಮುಚ್ಚಿಬಿಡುತ್ತಾರೆ. ಒಳಗೆ ಗಾಳಿ ಇಲ್ಲ, ಹೊಗೆ ಹೊರಗೆ ಹೋಗಲಾಗದೆ ಮಣ್ಣಿಗೇ ಇಳಿಯುತ್ತದೆ. ಕೆಂಪಾಗಬೇಕಿದ್ದ ಮಡಕೆ ಕಪ್ಪಾಗುತ್ತದೆ. ಕಲ್ಲಿನಿಂದ ಉಜ್ಜಿದ ಗೆರೆಗಳು ಮಾತ್ರ ಮಿರಮಿರ ಮಿಂಚುತ್ತವೆ. ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಶಾರು ಡೋರ್ನೆಯಿಯಿಂದ ತಂದ ಹಳೆಯ ಹೆಂಡದಂಗಡಿ ಕಟ್ಟಡವೂ ಇದೆ. ನೋಡಲು ಚಂದ.

ಮಧ್ಯಾಹ್ನದ ಊಟ

ಊರಿಗೆ ಇಳಿದು ಉಣ್ಣುವವರು ಮಮಲಿಗಾ ಕೇಳಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಚೀಸ್ ಮತ್ತು ಹುಳಿ ಕೆನೆ ಜೊತೆ ಕೊಡುತ್ತಾರೆ. ಸಾರಿಲ್ಲದ ಮುದ್ದೆಯೇ ಅಂತ ಮೊದಲು ಬೇಜಾರಾಗುತ್ತದೆ, ಎರಡನೇ ತುತ್ತಿಗೆ ಸರಿಹೋಗುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಂತ್ರ: "ದೆ ಪೋಸ್ಟ್" ಅನ್ನಿ. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನ ತಿನ್ನುವ ಅಡುಗೆ ಅದು. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. "ವೆಜಿಟೇರಿಯನ್" ಅಂದರೆ ಕೋಳಿ ಸೂಪ್ ತಂದುಕೊಟ್ಟ ಕಡೆಯೂ ಈ ಮಾತು ಕೆಲಸ ಮಾಡಿದೆ.

ಕೋಟೆಯನ್ನು ಒಳಗಿನಿಂದ ಹೊರಗೆ ಓದಿ

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಕೋಟೆಗೆ ಬನ್ನಿ. ಒಂದೂವರೆ ಗಂಟೆ ಸಾಕು. ಸೇತುವೆ ದಾಟುವಾಗ ಕೆಳಗೆ ಕಂದಕ ನೋಡಿ. ಮೂರು ದಿಕ್ಕಿಗೆ ಕಂದಕ ತೋಡಿದ್ದಾರೆ, ಉತ್ತರಕ್ಕೆ ದಿಣ್ಣೆಯೇ ಕಡಿದಾಗಿ ಇಳಿದಿದೆ, ಅಲ್ಲಿ ತೋಡುವ ಕೆಲಸವಿಲ್ಲ.

ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತಾ ಕೂರಬೇಡಿ. ಸೀದಾ ಒಳಗಿನ ಅಂಗಳಕ್ಕೆ ಹೋಗಿ. ಅದೇ ಹಳೆಯ ಭಾಗ. 14ನೇ ಶತಮಾನದ ಕೊನೆಯಲ್ಲಿ ಪೆಟ್ರು ಮುಶಾಟ್ ರಾಜ ಸುಚಾವವನ್ನು ರಾಜಧಾನಿ ಮಾಡಿಕೊಂಡು ಕಟ್ಟಿಸಿದ್ದು. 1388ರ ಒಂದು ಕಾಗದದಲ್ಲಿ ಈ ಕೋಟೆಯ ಹೆಸರು ಮೊದಲು ಸಿಗುತ್ತದೆ. ಹೆಚ್ಚುಕಡಿಮೆ ಚೌಕ, ಒಂದೊಂದು ಬದಿ 40 ಮೀಟರ್ ಆಸುಪಾಸು, ಅಷ್ಟೇ. ಗೋಡೆಗೆ ಅಂಟಿದ ಗೋಪುರಗಳೂ ಚೌಕ. ಬಿಲ್ಲು ಬಾಣದ ಕಾಲಕ್ಕೆ ಅದು ಸಾಕಿತ್ತು.

ಈಗ ಅಲ್ಲಿಂದ ಹೊರಗಿನ ಗೋಡೆಗೆ ಬನ್ನಿ. ಚೌಕ ಹೋಗಿ ದುಂಡು ಬುರುಜುಗಳು ಬಂದವು, ನೋಡಿದಿರಾ? ಗೋಡೆಯ ದಪ್ಪವೂ ಬದಲಾಯಿತು. ಒಳಗಿನ ಗೋಡೆಗಿಂತ ಹೊರಗಿನದು ಎಷ್ಟೋ ದಪ್ಪ. ಈ ನಡುವೆ ಫಿರಂಗಿ ಬಂದಿತ್ತು. ಚೌಕ ಗೋಪುರದ ಚೂಪು ಮೂಲೆಗೆ ಗುಂಡು ಬಿದ್ದರೆ ಮೂಲೆ ಕಳಚುತ್ತದೆ. ದುಂಡಗಿದ್ದರೆ ಗುಂಡು ಜಾರುವ ಸಾಧ್ಯತೆ ಜಾಸ್ತಿ. ಜೊತೆಗೆ ಬುರುಜಿನ ಬುಡದಲ್ಲಿ ಶತ್ರು ಅಡಗಲು ಮೂಲೆ ಸಿಗುವುದಿಲ್ಲ. ಇದನ್ನೆಲ್ಲ ಕಟ್ಟಿಸಿದವನು ಸ್ಟೆಫಾನ್, 1457ರಿಂದ 1504ರವರೆಗೆ 47 ವರ್ಷ ಆಳಿದವನು.

1476ರಲ್ಲಿ ತುರ್ಕರ ಆಟೊಮನ್ ಸಾಮ್ರಾಜ್ಯದ ಸುಲ್ತಾನ ಎರಡನೇ ಮೆಹ್ಮದ್ ತಾನೇ ಸೈನ್ಯ ಕಟ್ಟಿಕೊಂಡು ಬಂದ. ಕಾನ್‌ಸ್ಟಾಂಟಿನೋಪಲ್ ಗೆದ್ದ ಅದೇ ಮೆಹ್ಮದ್. ಬಯಲಿನ ಯುದ್ಧದಲ್ಲಿ ಸ್ಟೆಫಾನ್‌ನನ್ನು ಸೋಲಿಸಿದ, ಆದರೆ ಈ ಕೋಟೆ ದಕ್ಕಲಿಲ್ಲ. ದಪ್ಪ ಗೋಡೆ, ದುಂಡು ಬುರುಜು ಎದ್ದದ್ದು ಆ ಪೆಟ್ಟು ತಿಂದ ಮೇಲೆ. 1497ರಲ್ಲಿ ಪೋಲೆಂಡಿನ ರಾಜ ಯಾನ್ ಓಲ್‌ಬ್ರಾಹ್ಟ್ ಬಂದು ವಾರಗಟ್ಟಲೆ ಮುತ್ತಿಗೆ ಹಾಕಿ ಬರಿಗೈಲಿ ಹಿಂತಿರುಗಿದ. ಹೊರ ಗೋಡೆಯ ಪಕ್ಕ ನಿಂತು ಕೈಯಗಲಿಸಿ ದಪ್ಪ ಅಳೆದು ನೋಡಿ. ಆ ರಾಜ ಯಾಕೆ ಹೊರಟುಹೋದ ಅಂತ ಯಾವ ಬೋರ್ಡು ಓದದೆಯೂ ತಿಳಿಯುತ್ತದೆ.

1538ರಲ್ಲಿ ಸುಲ್ತಾನ ಸುಲೇಮಾನ್ ಬಂದಾಗ ಮಾತ್ರ ಗೋಡೆ ಉಪಯೋಗಕ್ಕೆ ಬರಲಿಲ್ಲ. ಸರದಾರರೇ ಬಾಗಿಲು ತೆಗೆದುಕೊಟ್ಟರು. ಆಮೇಲೆ 1560ರ ದಶಕದಲ್ಲಿ ರಾಜಧಾನಿ ಯಾಶಿ ಊರಿಗೆ ಹೋಯಿತು. 1653ರಲ್ಲಿ ಸುಚಾವಕ್ಕೆ ಮತ್ತೆ ಮುತ್ತಿಗೆ ಬಿದ್ದಾಗ ಉಕ್ರೇನ್ ಕಡೆಯ ಯೋಧರಾದ ಕೊಸಾಕರ ನಾಯಕ ಬೊಹ್ದಾನ್ ಖ್ಮೆಲ್ನಿಟ್ಸ್‌ಕಿಯ ಮಗ ತಿಮಿಶ್ ಗಾಯಗೊಂಡು ಇಲ್ಲೇ ಸತ್ತ. 1675ರಲ್ಲಿ ಆಟೊಮನ್ನರ ಅಪ್ಪಣೆಯಂತೆ ಮೊಲ್ಡಾವಿಯಾದ ದೊರೆ ದುಮಿತ್ರಾಶ್ಕು ಕಾಂಟಾಕುಜಿನೊನೇ ಕೋಟೆಗೆ ಮದ್ದು ಇಡಿಸಿದ. ಬಿದ್ದ ಕಲ್ಲನ್ನು ಊರವರು ಹೊತ್ತೊಯ್ದು ತಮ್ಮ ಮನೆ ಕಟ್ಟಿಕೊಂಡರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಕಡಿದು ಹದ ಮಾಡಿದ ಕಲ್ಲು ಬಿಟ್ಟಿ ಸಿಕ್ಕರೆ ಯಾರು ಬಿಡುತ್ತಾರೆ?

ನೀವು ಈಗ ನೋಡುತ್ತಿರುವುದರಲ್ಲಿ ಎಷ್ಟು ಹಳೆಯದು, ಎಷ್ಟು ಹೊಸದು? ಗೋಡೆ ಹತ್ತುವ ಮೊದಲು ಇದನ್ನು ನೀವೇ ಹುಡುಕಿ. ಆಸ್ಟ್ರಿಯಾದ ವಾಸ್ತುಶಿಲ್ಪಿ ಕಾರ್ಲ್ ರೊಮ್‌ಸ್ಟೋರ್ಫರ್ 1895ರಿಂದ 1904ರವರೆಗೆ ಇಲ್ಲಿ ಅಗೆದು ಮಣ್ಣು ತೆಗೆಸಿದ, ಬೀಳುವ ಗೋಡೆಗಳಿಗೆ ಆಸರೆ ಕೊಡಿಸಿದ. ಅದಕ್ಕೂ ಮುಂಚೆ ಇದು ಪೊದೆ ಬೆಳೆದ ಕಲ್ಲುರಾಶಿ. ಈಚೆಗೆ ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ದೊಡ್ಡ ರಿಪೇರಿ ಆಯಿತು. ಗಾಜು, ಕಬ್ಬಿಣ, ಪರದೆಯ ಮೇಲೆ ಓಡುವ ಚಿತ್ರಗಳು ಬಂದವು. ಗಾಜು ಕಬ್ಬಿಣದ ಬಗ್ಗೆ ನನಗೆ ತಕರಾರಿಲ್ಲ, ಹೊಸದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಹಳೆಯ ಥರವೇ ಕಾಣುವ ಹೊಸ ಕಲ್ಲಿನ ಮುಂದೆ ಹುಷಾರಾಗಿರಿ. ಗಾರೆಯ ಬಣ್ಣ ನೋಡಿ, ಕಲ್ಲಿನ ಅಂಚು ನೋಡಿ. ಅಂಚು ಸವೆಯದೆ ಚೂಪಾಗಿದ್ದರೆ ಅದು ಸ್ಟೆಫಾನ್ ಕಂಡ ಕಲ್ಲು ಅಲ್ಲ.

ಇನ್ನು ಬೆಳಿಗ್ಗೆಯ ಒಲೆ. ಇಲ್ಲಿ ಅಗೆದಾಗ ರಾಶಿ ರಾಶಿ ಸಿಕ್ಕಿದ್ದು ಕತ್ತಿ, ಕವಚ ಅಲ್ಲ, ಒಲೆಯ ಹಂಚು. ಅರಮನೆಯ ಒಲೆಗಳಿಗೆ ಹೊದಿಸುತ್ತಿದ್ದ, ಉಬ್ಬು ಚಿತ್ರಗಳಿದ್ದ ಸುಟ್ಟ ಮಣ್ಣಿನ ಬಿಲ್ಲೆಗಳು. ಹಳ್ಳಿಯವನದು ಸುಣ್ಣ ಬಳಿದ ಮಣ್ಣಿನ ಒಲೆ, ರಾಜನದು ಚಿತ್ರದ ಒಲೆ. ಒಳಗಿನ ಕೆಲಸ ಒಂದೇ. ಇಷ್ಟು ದಪ್ಪ ಕಲ್ಲಿನ ಕೋಣೆಯಲ್ಲಿ ಜನವರಿ ರಾತ್ರಿ ಕಳೆಯುವುದನ್ನು ನೆನೆಸಿಕೊಳ್ಳಿ. ನನಗಂತೂ ಆ ಗಿಡ್ಡ ಬಾಗಿಲಿನ ಮನೆಯೇ ಬೆಚ್ಚಗೆ ಅನ್ನಿಸಿತು.

ಗೋಡೆಯ ಮೇಲಿಂದ ನದಿ ಕಣಿವೆ, ಅದರಾಚೆ ಕಮ್ಯುನಿಸ್ಟರ ಕಾಲದ ಸಾಲು ಸಾಲು ಫ್ಲ್ಯಾಟುಗಳು ಕಾಣುತ್ತವೆ. ಮಕ್ಕಳ ಕೈ ಹಿಡಿದಿರಿ.

ಹೊರಡುವ ಮೊದಲು

ಕತ್ತಲಾಗುವ ಮುಂಚೆ ಕಣಿವೆಯ ದಾರಿ ಇಳಿದುಬಿಡಿ. ಮಾರನೇ ದಿನ ವೊರೊನೆಟ್ಸ್ ಮಠಕ್ಕೆ ಹೋಗುವವರಿಗೆ ಇವತ್ತಿನ ಸುತ್ತಾಟ ಒಳ್ಳೇ ತಯಾರಿ. 1488ರಲ್ಲಿ ಅದನ್ನು ನಾಲ್ಕು ತಿಂಗಳೊಳಗೆ ಕಟ್ಟಿಸಿದವನೂ ಇದೇ ಸ್ಟೆಫಾನ್. ಸಂಜೆ ಶಕ್ತಿ ಉಳಿದಿದ್ದರೆ ಊರೊಳಗಿನ ಸಂತ ಜಾರ್ಜ್ ಚರ್ಚಿಗೆ ಹೋಗಿ. 1522ರಲ್ಲಿ ಮುಗಿದ ಆ ಕಟ್ಟಡ ಯುನೆಸ್ಕೊ ಪಟ್ಟಿಯಲ್ಲಿದೆ.

ಮನೆಗೆ ಏನಾದರೂ ತರುವುದಾದರೆ ಕಪ್ಪು ಮಡಕೆಗಿಂತ ಬಣ್ಣದ ಮೊಟ್ಟೆ ವಾಸಿ, ಭಾರ ಇಲ್ಲ. ಜೇನುಮೇಣದಲ್ಲಿ ಗೆರೆ ಎಳೆದು, ಬಣ್ಣದಲ್ಲಿ ಅದ್ದಿ, ಮತ್ತೆ ಗೆರೆ ಎಳೆದು, ಮತ್ತೆ ಅದ್ದಿ, ಕೊನೆಗೆ ಬಿಸಿ ಮಾಡಿ ಮೇಣ ಒರೆಸುತ್ತಾರೆ. ನಮ್ಮ ಬಾಟಿಕ್ ಸೀರೆಯ ಉಪಾಯವೇ. ಕೊಳ್ಳುವಾಗ ಒಂದು ಕೇಳಿ: ಒಳಗಿನ ಲೋಳೆ ತೆಗೆದಿದ್ದಾರಾ? ತುದಿಯಲ್ಲಿ ಸಣ್ಣ ತೂತು ಇದ್ದರೆ ತೆಗೆದಿದ್ದಾರೆ ಅಂತ ಅರ್ಥ. ತೂತು ಕಾಣದಿದ್ದರೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನಾದರೂ ಕುಲುಕಿದರೆ ಅದನ್ನು ಸೂಟ್‌ಕೇಸಿಗೆ ಹಾಕಬೇಡಿ. ಖಾಲಿಯದ್ದನ್ನು ಕಾಲುಚೀಲದೊಳಗೆ ಇಟ್ಟು, ಆ ಕಾಲುಚೀಲವನ್ನು ಶೂ ಒಳಗೆ ತುರುಕಿ. ನಾನು ತಂದ ನಾಲ್ಕರಲ್ಲಿ ಹಾಗೆ ಇಟ್ಟ ಮೂರು ಉಳಿದವು. ಸ್ವೆಟರಿನ ಮಡಿಕೆಯಲ್ಲಿ ಇಟ್ಟದ್ದು ಪುಡಿ.